ನಡುಮನೆಯ ಕಾರ್ಪೆಟ್ಟು

ನನ್ನ ತಂದೆ ತಿ. ನರಸೀಪುರದಲ್ಲಿ ಶಾಮಿಯಾನ, ಜಮಖಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಹಾಗಾಗಿ ನಾನು ಬೆಳೆದದ್ದೇ ಮಡಿಸಿಟ್ಟ ಜಮಖಾನಗಳ ನಡುವೆ. ಮದುವೆ ಮನೆಗೆ ಹೋಗಿ ವಾಪಸ್ಸು ಬಂದ ಜಮಖಾನ ಬಿಚ್ಚಿದರೆ ಅಕ್ಷತೆ ಕಾಳು, ಬಾಡಿದ ಸೇವಂತಿಗೆ ಎಸಳು, ಒಮ್ಮೊಮ್ಮೆ ಯಾರದೋ ಓಲೆಯ ತಿರುಪು ಉದುರುತ್ತಿತ್ತು. ಮದುವೆಗಳ ಭರಾಟೆ ಕಳೆದ ಮೇಲೆ ಅವನ್ನೆಲ್ಲ ಹೊಳೆಗೆ ಒಯ್ದು ಒಗೆಸಿ ಮರಳಿನ ಮೇಲೆ ಹರವುತ್ತಿದ್ದರು. ಅವು ಒಣಗುವ ತನಕ ದನ ತುಳಿಯದಂತೆ ಕಾಯುವುದು ಅಮ್ಮನ ಮತ್ತು ನನ್ನ ಕೆಲಸ. ಇಂಥ ಮನೆಯಿಂದ ನಂಜನಗೂಡಿಗೆ ಸೊಸೆಯಾಗಿ ಬಂದವಳಿಗೆ ನಡುಮನೆಗೆ ಹಾಸುವ ಒಂದು ಕಾರ್ಪೆಟ್ ಆರಿಸಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನನ್ನ ಗಂಡನಂತೂ ನಂಬಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಳೇ ಹೆಂಚಿನ ಮನೆಯ ಮುಂಭಾಗವನ್ನು ಕೆಡವಿ ನಾವು ತಾರಸಿ ಮನೆ ಕಟ್ಟಿಸಿದ್ದೆವು. ನೆಲಕ್ಕೆ ಮೊಸಾಯಿಕ್, ಗೋಡೆಗೆ ತಿಳಿ ಹಸಿರು ಬಣ್ಣ, ಹೊಸ ಸೋಫಾ, ಗಾಜಿನ ಟೀಪಾಯಿ. ಮನೆಯಲ್ಲಿ ಇದ್ದವರು ನಾಲ್ವರು: ಅತ್ತೆ, ನನ್ನ ಗಂಡ, ನಾದಿನಿ ಮತ್ತು ನಾನು. ಗಂಡ ಊರ ಹೊರಗಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಾನು ಪ್ರಾಥಮಿಕ ಶಾಲೆಯ ಟೀಚರ್. ನಾದಿನಿ ಮನೆಯಲ್ಲೇ ನಾಲ್ಕಾರು ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಅವಳಿಗೆ ಬಂದ ಎರಡು ಸಂಬಂಧಗಳು ತಪ್ಪಿ ಹೋಗಿದ್ದವು. ಎರಡನೆಯವರು ಯಾರದೋ ಬಾಯಲ್ಲಿ, ‘ಹುಡುಗಿ ಲಕ್ಷಣವಾಗವ್ಳೆ, ಮನೆ ಸಾಧಾರಣ’ ಎಂದು ಹೇಳಿಕಳಿಸಿದ್ದರು. ಆ ‘ಸಾಧಾರಣ’ ನನ್ನ ಗಂಡನ ಎದೆಗೆ ನಾಟಿಬಿಟ್ಟಿತು. ಹೊಸ ಮನೆ ಎದ್ದ ಮೇಲೂ ನಡುಮನೆಯಲ್ಲಿ ನಿಂತು, ಏನೋ ಒಂದು ಕಮ್ಮಿ, ಏನೋ ಒಂದು ಕಮ್ಮಿ ಎನ್ನುತ್ತಿದ್ದರು. ಕೊನೆಗೆ ಮೈಸೂರಿನಲ್ಲಿ ತಮ್ಮ ಮ್ಯಾನೇಜರರ ಮನೆಗೆ ಹೋಗಿ ಬಂದ ದಿನ ಆ ಕಮ್ಮಿಯ ಹೆಸರು ಗೊತ್ತಾಯಿತು.

“ಕಾರ್ಪೆಟ್ ಕಣೇ. ಟೀಪಾಯಿ ಕೆಳಗೆ ಒಂದು ಕಾರ್ಪೆಟ್ ಹಾಕಿದಾರೆ, ಹಾಲ್ ಕಳೆ ಕಟ್ಟಿಬಿಟ್ಟಿದೆ.”

“ಎಷ್ಟು ದೊಡ್ಡದು?” ಎಂದೆ.

ಅವರು ಎರಡೂ ಕೈ ಅಗಲಿಸಿದರು. ಸಾಲದು ಅನ್ನಿಸಿತೋ ಏನೋ, ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಅಗಲಿಸಿದರು. ಆಮೇಲೆ ಕೈ ಇಳಿಸಿ, “ನಿಮ್ಮಪ್ಪಂದೇ ಅಂಗಡಿ ಅಲ್ವಾ? ನೀನೇ ಹೇಳು, ನಮಗೆ ಎಷ್ಟು ದೊಡ್ಡದು ಬೇಕು?” ಎಂದರು.

ನನಗೆ ತಿಳಿಯಲಿಲ್ಲ. ಅಪ್ಪನ ಜಮಖಾನಗಳಿಗೆ ಅಳತೆಯ ಪ್ರಶ್ನೆಯೇ ಇರಲಿಲ್ಲ. ಚಪ್ಪರ ಎಲ್ಲಿಯ ತನಕ ಇದೆಯೋ ಅಲ್ಲಿಯ ತನಕ ಒಂದರ ಪಕ್ಕ ಒಂದು ಹಾಸುತ್ತಾ ಹೋಗುವುದು, ಉಳಿದದ್ದನ್ನು ಮಡಿಸಿಡುವುದು. ನಡುವೆ ಒಂದು, ಸುತ್ತ ಖಾಲಿ ನೆಲ ಎಂಬುದನ್ನು ನಾನು ಕಂಡಿದ್ದೇ ಇಲ್ಲ. ಸುತ್ತ ಎಷ್ಟು ನೆಲ ಬಿಡಬೇಕು? ಬಿಟ್ಟರೆ ಬಟ್ಟೆ ಸಾಲದೆ ಬಿಟ್ಟ ಹಾಗೆ ಕಾಣುವುದಿಲ್ಲವೇ?

ಒಂದು ಭಾನುವಾರ ಹಳೇ ಪೇಪರುಗಳನ್ನು ಗೋಂದಿನಿಂದ ಅಂಟಿಸಿ ಕಾರ್ಪೆಟ್ಟಿನ ಆಕಾರ ಮಾಡಿದೆ. ಟೀಪಾಯಿ ಸರಿಸಿ ನೆಲದ ಮೇಲೆ ಹಾಸಿ, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಚಿಕ್ಕದು ಅನ್ನಿಸಿತು. ಬೀದಿ ಬಾಗಿಲಿಂದ ನೋಡಿದೆ. ದೊಡ್ಡದು ಅನ್ನಿಸಿತು. ಇನ್ನೆರಡು ಹಾಳೆ ಅಂಟಿಸೋಣ ಎಂದು ಗೋಂದು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಅದರ ನಡುವೆ ಕಾಲು ಚಾಚಿ ಕೂತಿದ್ದರು. ಎದುರಿಗೆ ಒಂದು ಚೀಲ ಅವರೆಕಾಯಿ ಸುರಿದಿತ್ತು.

“ಸುಲಿಯಕ್ಕೆ ಪೇಪರ್ ಹಾಸಿದ್ದು ಒಳ್ಳೇದಾಯ್ತು ಕಣವ್ವ,” ಎಂದರು. “ನೀನೂ ಕುಂತ್ಕ ಬಾ.”

ನಾನು ಕೂತೆ. ಸಿಪ್ಪೆ ಬಳಿಯುವಾಗ ಅತ್ತೆ ಪೇಪರುಗಳನ್ನೂ ಸೇರಿಸಿ ಮುದುರಿ ತಿಪ್ಪೆಗೆ ಹಾಕಿದರು. ಸಂಜೆ ಗಂಡ ಬಂದು ಅಳತೆ ಏನಾಯಿತು ಎಂದು ಕೇಳಿದಾಗ ಏನೆಂದು ಹೇಳಲಿ? ಅವರೇ ಟೇಪು ತಂದು ಗೋಡೆಯಿಂದ ಗೋಡೆಗೆ ಅಳೆದು, ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರು. ಅತ್ತೆ ಅದನ್ನು ನೋಡಿ, “ಟೇಪ್ ಯಾತಕ್ಕಪ್ಪ, ಎರಡು ಪಂಕ್ತಿ ಎಲೆ ಹಾಕ್ಬೌದು, ನಡುವೆ ಬಡಿಸೋರು ಓಡಾಡ್ಬೌದು. ಅಷ್ಟದೆ,” ಎಂದರು.

ಮೈಸೂರಿನ ಅಂಗಡಿಯಲ್ಲಿ ಆ ಅಳತೆ ಉಪಯೋಗಕ್ಕೆ ಬರಲಿಲ್ಲ. ಅಂಗಡಿಯವರು ಚೀಟಿ ನೋಡಿ, “ಸರ್, ಇದು ರೂಮಿನದಾಯ್ತು. ಸೋಫಾದಿಂದ ಟೀವಿಗೆ ಎಷ್ಟು?” ಎಂದರು. ಅದನ್ನು ನಾವು ಅಳೆದಿರಲಿಲ್ಲ. ನನ್ನ ಗಂಡ ಅಂಗಡಿಯ ನಡುವೆ ನಿಂತು, “ನಾನು ಸೋಫಾ. ನೀನು ಟೀವಿ ಇರೋ ಕಡೆ ಹೋಗಿ ನಿಲ್ಲು,” ಎಂದರು. ನಾನು ಹೋಗಿ ನಿಂತೆ. ಇನ್ನೂ ಹಿಂದೆ ಎಂದರು. ಹೋದೆ. ಅಷ್ಟು ಹಿಂದೆ ಅಲ್ಲ ಎಂದರು. ಬೇರೆ ಗಿರಾಕಿಗಳು ನಮ್ಮಿಬ್ಬರ ನಡುವೆ ಓಡಾಡುತ್ತಿದ್ದರು.

ಕೊನೆಗೆ ಅಂಗಡಿಯವರೇ ಕರುಣೆಯಿಂದ ವಿವರಿಸಿದರು. “ನೋಡಿ ಮೇಡಂ, ಇದಕ್ಕೆ ಮೂರು ಪದ್ಧತಿ. ಸೋಫಾದ ನಾಲ್ಕೂ ಕಾಲು ಕಾರ್ಪೆಟ್ ಮೇಲೆ ಬರಬೇಕು. ಇಲ್ಲಾ ಮುಂದಿನ ಎರಡು ಕಾಲು ಮಾತ್ರ ಬರಬೇಕು. ಇಲ್ಲಾ ಅಂದ್ರೆ ಯಾವ ಕಾಲೂ ಬರಬಾರದು.”

“ಯಾವುದು ಸರಿ?” ಎಂದೆ.

“ಮೂರೂ ಸರಿ.”

ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎರಡು ಕಾಲಿನ ಪದ್ಧತಿಯನ್ನು ಆರಿಸಿದೆವು. ನಡುವಿನದಾದ್ದರಿಂದ ಅದರಲ್ಲಿ ಅಪಾಯ ಕಡಿಮೆ ಎಂದು. ಬಣ್ಣದ ವಿಷಯದಲ್ಲಿ ಇನ್ನಷ್ಟು ಹೊತ್ತು ಹಿಡಿಯಿತು. ಗೆರೆಗಳದ್ದು ಬೇಡ, ನಿಮ್ಮಪ್ಪನ ಜಮಖಾನದ ಹಾಗಿದೆ ಎಂದರು ಗಂಡ. ನವಿಲಿನದು ಬೇಡ, ನವಿಲಿನ ಮುಖದ ಮೇಲೆ ಟೀಪಾಯಿ ಕೂರುತ್ತದೆ ಎಂದೆ ನಾನು. ಕಡೆಗೆ ಕುಂಕುಮದ ಬಣ್ಣದ್ದು, ನಡುವೆ ದೊಡ್ಡದೊಂದು ಹೂವು, ಸುತ್ತ ಬಳ್ಳಿ ಇರುವುದನ್ನು ಕಟ್ಟಿಸಿಕೊಂಡೆವು. ಒಪ್ಪಿದ್ದಕ್ಕಿಂತ ಹೆಚ್ಚಾಗಿ ದಣಿದಿದ್ದೆವು.

ನಂಜನಗೂಡಿನ ಬಸ್ಸಿನಲ್ಲಿ ಅದನ್ನು ಎಲ್ಲಿಡುವುದು? ಉದ್ದಕ್ಕೆ ಸುತ್ತಿ ಹಗ್ಗ ಬಿಗಿದ ಅದನ್ನು ನೋಡಿ ಕಂಡಕ್ಟರ್, “ಏನ್ ಸಾ ಇದು, ಒಳಗ್ ಯಾರನಾರ ಸುತ್ಕಂಡ್ ಬಂದಿದ್ದೀರಾ?” ಎಂದ. ಟಾಪಿಗೆ ಹಾಕಿಸಿದೆವು. ಕಡಕೊಳ ದಾಟುವಾಗ ತುಂತುರು ಶುರುವಾಯಿತು. ನನ್ನ ಗಂಡ ದಾರಿಯುದ್ದಕ್ಕೂ ತಲೆ ಎತ್ತಿ ಬಸ್ಸಿನ ಮೇಲ್ಛಾವಣಿಯನ್ನೇ ನೋಡುತ್ತಾ ಕೂತಿದ್ದರು.

ಮನೆಯಲ್ಲಿ ಬಿಚ್ಚಿ ಹಾಸಿದರೆ ಮುಂಬಾಗಿಲು ತೆರೆಯಲಿಲ್ಲ. ಬಾಗಿಲಿನ ಅಂಚು ಕಾರ್ಪೆಟ್ಟಿಗೆ ಸಿಕ್ಕಿಹಾಕಿಕೊಂಡು ಒಳಗಿದ್ದ ನಾವು ಒಳಗೇ ಉಳಿದೆವು. ಎರಡು ಕಾಲು ಮೇಲಿಟ್ಟ ಸೋಫಾ ಹಿಂದಕ್ಕೆ ವಾಲಿ, ಕೂತವರು ಸೂರು ನೋಡುವ ಹಾಗಾಯಿತು. ಅತ್ತೆ ದೂರ ನಿಂತು, “ಎರಡು ಕಾಲು ಮ್ಯಾಲೆ, ಎರಡು ಕಾಲು ಕ್ಯಳಗೆ. ಏಳದಾ, ಕೂರದಾ ಅಂತ ಅದಕ್ಕೇ ಗೊತ್ತಿಲ್ಲ ಪಾಪ,” ಎಂದರು. ಬಡಗಿಯನ್ನು ಕರೆಸಿ ಬಾಗಿಲಿನ ಅಡಿಯನ್ನು ಸವರಿಸಿದರು ಗಂಡ. ಬಡಗಿ ಹೋದ ಮೇಲೆ, ಕಾರ್ಪೆಟ್ಟನ್ನು ಅಡ್ಡಲಾಗಿ ತಿರುಗಿಸಿದರೆ ಬಾಗಿಲಿಗೆ ತಗಲುವುದೇ ಇಲ್ಲ ಎಂದು ಗೊತ್ತಾಯಿತು. ತಿರುಗಿಸಿದೆವು. ಸವರಿದ ಬಾಗಿಲಿನ ಸಂದಿಯಿಂದ ರಸ್ತೆಯ ದೂಳೆಲ್ಲ ಒಳಗೆ ಬಂದು ಕಾರ್ಪೆಟ್ಟಿನ ಮೇಲೆ ಕೂರತೊಡಗಿತು.

ಇದೆಲ್ಲಕ್ಕಿಂತ ದೊಡ್ಡದು ಹೂವಿನ ವಿಷಯ. ಮೊದಲ ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಹೂಬುಟ್ಟಿ ಹಿಡಿದು ದೇವರ ಕೋಣೆಗೆ ಹೊರಟವರು ಕಾರ್ಪೆಟ್ಟಿನ ಅಂಚಿನಲ್ಲಿ ನಿಂತುಬಿಟ್ಟರು.

“ತಾವರೆ ಮ್ಯಾಲೆ ಎಂಗವ್ವಾ ಕಾಲಿಕ್ಕದು?”

“ಅದು ತಾವರೆ ಅಲ್ಲ ಅತ್ತೆ, ಸುಮ್ಮನೆ ಒಂದು ಹೂವು.”

“ಯಾವ ಹೂವು?”

ನಾನು ಬಗ್ಗಿ ನೋಡಿದೆ. ಎಸಳುಗಳನ್ನು ನೋಡಿದರೆ ತಾವರೆಯೇ ಅನ್ನಿಸಿತು. ಬಳ್ಳಿ ನೋಡಿದರೆ ಅಲ್ಲ ಅನ್ನಿಸಿತು. ಅತ್ತೆ ಗೋಡೆಯ ಪಕ್ಕವೇ ಒತ್ತಿಕೊಂಡು ಸುತ್ತು ಹಾಕಿ ದೇವರ ಕೋಣೆಗೆ ಹೋದರು. ಅಂದಿನಿಂದ ಅವರದು ಅದೇ ದಾರಿ. ಅವರನ್ನು ನೋಡಿ ನಾದಿನಿಯೂ ಹಾಗೆಯೇ ಮಾಡಿದಳು. ಯೋಚಿಸದೆಯೇ ನಾನೂ ಗೋಡೆ ಹಿಡಿದು ಓಡಾಡುವುದನ್ನು ಕಲಿತೆ. ಗಂಡ ಒಬ್ಬರೇ ನಡುವೆ ನಡೆಯುತ್ತಿದ್ದರು. ಅವರೂ ತುದಿಗಾಲಲ್ಲಿ.

ಅಪ್ಪನನ್ನು ಕೇಳಿಯೇ ಬಿಡೋಣ ಎಂದು ಒಂದು ರಜೆಯ ದಿನ ನರಸೀಪುರದ ಬಸ್ ಹತ್ತಿದೆ. ಅಂಗಡಿಯ ಮುಂದೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಅವರು ದಬ್ಬಣದಿಂದ ಜಮಖಾನದ ಹರಿದ ಅಂಚು ಹೊಲಿಯುತ್ತಿದ್ದರು. ನಾನು ಎಲ್ಲ ಹೇಳಿದೆ: ಅಳತೆ, ಮೂರು ಪದ್ಧತಿ, ಬಾಗಿಲು, ತಾವರೆ. ಅವರು ಕೇಳಿಸಿಕೊಂಡು ತಮ್ಮ ಕಸುಬಿನ ಮಾಮೂಲಿ ಪ್ರಶ್ನೆ ಕೇಳಿದರು.

“ಎಷ್ಟ್ ಜನ ಕುಂತ್ಕತಾರೆ?”

“ಯಾರೂ ಕೂತ್ಕೊಳಲ್ಲಪ್ಪ. ಎಲ್ಲಾ ಸೋಫಾ ಮೇಲೆ ಕೂತ್ಕೋತಾರೆ.”

“ಮತ್ತೆ ಮನಿಕ್ಕಳಕ್ಕಾ?”

“ಅಲ್ಲಪ್ಪ.”

“ಉಣ್ಣಕ್ಕೆ ಕೂರ್ಸಕ್ಕಾ?”

“ಅಲ್ಲ. ಟೀಪಾಯಿ ಇಡ್ತೀವಿ.”

ದಬ್ಬಣ ನಿಂತಿತು. “ಟೀಪಾಯಿಗೆ ಜಮಖಾನನಾ?”

ಅವರು ಗೇಲಿ ಮಾಡಲಿಲ್ಲ. ನಿಜವಾಗಿಯೂ ಅರ್ಥವಾಗಿರಲಿಲ್ಲ. ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ. ಬಸ್ ಹತ್ತಿಸಲು ಬಂದವರು ಕಿಟಕಿಯ ಹತ್ತಿರ ನಿಂತು, “ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡ ಮಗ. ಅದನ್ನ ತುಳಿಯದಾ, ಬುಡದಾ?” ಎಂದರು. ಬಸ್ ಹೊರಟಿತು. ನಾನು ತಲೆಯಾಡಿಸಿದೆ. ತುಳಿಯುವುದಕ್ಕೋ, ಬಿಡುವುದಕ್ಕೋ, ನನಗೇ ಗೊತ್ತಿಲ್ಲ.

ಆ ತಿಂಗಳಲ್ಲೇ ನಾದಿನಿಯನ್ನು ನೋಡಲು ಸೋಮನಾಥಪುರದ ಕಡೆಯಿಂದ ಬರುತ್ತೇವೆಂದು ಹೇಳಿಕಳಿಸಿದರು. ವ್ಯವಸಾಯದ ಮನೆ. ಹುಡುಗ ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವರ ಮನೆಯ ಮದುವೆಗಳಿಗೆ ಅಪ್ಪನೇ ಚಪ್ಪರ ಹಾಕಿದ್ದರಿಂದ, “ಬೀಗ್ರನ್ನೂ ಕರಿ, ಪರಿಚಯದೋರು ಒಬ್ರು ಇರ್ಲಿ,” ಎಂದರು ಅತ್ತೆ. ಗಂಡ ಕಾರ್ಪೆಟ್ಟನ್ನು ತಾರಸಿಗೆ ಒಯ್ದು ಕೋಲಿನಿಂದ ಬಡಿದು ದೂಳು ತೆಗೆದು, ಮತ್ತೆ ಹಾಸಿ, ಸೋಫಾದ ಎರಡು ಕಾಲುಗಳನ್ನು ಅದರ ಮೇಲಿಟ್ಟು, ಹಿಂದಿನ ಕಾಲುಗಳ ಕೆಳಗೆ ಮಡಿಸಿದ ರಟ್ಟು ಕೊಟ್ಟು ವಾಲದಂತೆ ಮಾಡಿದರು. ಮೂರನೆಯದೂ ತಪ್ಪಿದರೆ ಎಂಬ ಭಯ ಅತ್ತೆಯ ಮುಖದಲ್ಲೇ ಬರೆದಿತ್ತು.

ಅವರು ಬಂದರು. ಪೇಟ ಸುತ್ತಿದ ಅಜ್ಜ, ಹುಡುಗನ ತಂದೆ ತಾಯಿ, ಜೊತೆಗೆ ಒಂದೇ ವಯಸ್ಸಿನ ಇಬ್ಬರು ಯುವಕರು. ಮುಂಬಾಗಿಲ ನಲ್ಲಿಯಲ್ಲಿ ಎಲ್ಲರೂ ಕಾಲು ತೊಳೆದುಕೊಂಡರು. ಅಜ್ಜ ಮೊದಲು ಒಳಗೆ ಬಂದು ನೆಲ ನೋಡಿದವರೇ ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡರು.

“ಏಯ್, ನೋಡ್ಕಂಡ್ ಬರ್‍ರಪ್ಪ. ರಂಗೋಲಿ ಬುಟ್ಟವ್ರೆ.”

“ರಂಗೋಲಿ ಅಲ್ಲ, ಕಾರ್ಪೆಟ್. ಬನ್ನಿ, ಬನ್ನಿ, ಪರವಾಗಿಲ್ಲ,” ಎಂದರು ನನ್ನ ಗಂಡ.

ಅಜ್ಜ ಬಗ್ಗಿ ನೋಡಿದರು. ರಂಗೋಲಿಯಲ್ಲ ಎಂದು ತಿಳಿದ ಮೇಲೂ ಅವರಿಗೆ ಧೈರ್ಯ ಬರಲಿಲ್ಲ. “ಇರ್ಲಿ ಬುಡಿ, ಕಾಲು ವದ್ದೆಯಾಗದೆ,” ಎಂದು ಗೋಡೆಯ ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತರು. ಹಿರಿಯರು ಕೂತ ಮೇಲೆ ಉಳಿದವರೂ ಗೋಡೆ ಹಿಡಿದು ಕೂತರು. ಸೋಫಾಕ್ಕೆ ಹೋಗಬೇಕಾದರೆ ಕಾರ್ಪೆಟ್ ದಾಟಿಯೇ ಹೋಗಬೇಕು. ಆದ್ದರಿಂದ ಸೋಫಾ ಖಾಲಿ ಉಳಿಯಿತು. ಬಂದವರು ನೆಲದ ಮೇಲಿರುವಾಗ ತಾವು ಸೋಫಾ ಮೇಲೆ ಕೂರುವುದು ಹೇಗೆ ಎಂದು ನನ್ನ ಗಂಡ ಎದುರು ಗೋಡೆಗೆ ಒರಗಿ ಕೂತರು. ಹೀಗೆ ನಾಲ್ಕು ಗೋಡೆಗೂ ಜನ, ನಡುವೆ ಆ ಕುಂಕುಮದ ಬಣ್ಣದ ಕಾರ್ಪೆಟ್ಟು, ಅದರ ಮೇಲೆ ಒಂಟಿ ಟೀಪಾಯಿ. ಅಷ್ಟು ದೂರದಿಂದ ಯಾರಿಗೂ ಮಾತು ಹುಟ್ಟಲಿಲ್ಲ. “ಮಳೆ ಎಂಗೆ ನಿಮ್ ಕಡೆ?” ಎಂದು ಒಬ್ಬರು ಕೇಳಿದರು. “ಪರವಾಗಿಲ್ಲ,” ಎಂದು ಈ ಕಡೆಯಿಂದ ಉತ್ತರ ಹೋಯಿತು. ಮತ್ತೆ ಎಲ್ಲರೂ ಟೀಪಾಯಿ ನೋಡುತ್ತಾ ಕೂತರು.

ಅಡುಗೆಮನೆಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು, “ಎದ್ದೋಗ್ಬುಡ್ತಾರೆ ಕಣವ್ವ. ಅದನ್ನ ಸುತ್ತಿ ಎತ್ಬುಡನ್ವಾ?” ಎಂದು ಪಿಸುಗುಟ್ಟಿದರು. ಬಂದವರ ಎದುರಿಗೆ ಹಾಸಿದ್ದನ್ನು ಎತ್ತಿದರೆ ಅವರು ಕೂರದಿರಲಿ ಎಂದೇ ಎತ್ತಿದಂತಾಗುವುದಿಲ್ಲವೇ? ಎತ್ತದಿದ್ದರೆ?

ಆಗ ಅಪ್ಪ ಬಂದರು. ಅವರ ಬಸ್ ತಡವಾಗಿತ್ತು. ಬಾಗಿಲಲ್ಲಿ ನಿಂತು ಒಮ್ಮೆ ಸುತ್ತ ನೋಡಿದರು. ಹೆಗಲ ಮೇಲಿನ ಟವೆಲ್ಲಿನಲ್ಲಿ ಕಾಲು ಒರೆಸಿಕೊಂಡು ನೇರವಾಗಿ ನಡುವಿಗೆ ನಡೆದು, ಹೂವಿನ ಮೇಲೆಯೇ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟರು.

“ಏನ್ರಪ್ಪ, ಎಲ್ಲಾ ಗ್ವಾಡೆ ಕಾಯ್ಕಂಡ್ ಕುಂತಿದ್ದೀರಿ? ಬನ್ನಿ ಇತ್ತ. ಯಜಮಾನ್ರೇ, ನೀವು ಬನ್ನಿ, ನನ್ ಪಕ್ಕಕ್ಕೆ. ಅಳಿಯಂದ್ರೇ, ಈ ಮೇಜು ಅತ್ತಗೆ ಮಡಗಿ, ಜನಕ್ಕೇ ಜಾಗ ಇಲ್ಲ.”

ಅಜ್ಜ ಎದ್ದರು. ಒಂದು ಕಾಲಿಟ್ಟು ನೋಡಿದರು. “ಮೆತ್ತಗದೆ ಕಣಪ್ಪ,” ಎನ್ನುತ್ತಾ ಬಂದು ಅಪ್ಪನ ಪಕ್ಕ ಕೂತರು. ಉಳಿದವರು ಒಬ್ಬೊಬ್ಬರಾಗಿ ಬಂದರು. ಗಂಡ ಟೀಪಾಯಿ ಎತ್ತಿ ಮೂಲೆಗಿಟ್ಟು ತಾವೂ ಬಂದು ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ ಮೇಲೆ ಮಾತು ತಾನಾಗಿ ಬಂತು. ಭತ್ತ, ನಾಲೆ ನೀರು, ಹಿಂದೆ ಅಪ್ಪ ಚಪ್ಪರ ಹಾಕಿದ್ದ ಮದುವೆಯಲ್ಲಿ ಬಿರುಗಾಳಿ ಎದ್ದು ಶಾಮಿಯಾನ ಹಾರಿ ಕಬ್ಬಿನ ಗದ್ದೆಗೆ ಬಿದ್ದದ್ದು. ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ನಾದಿನಿ ಕಾಫಿ ತಟ್ಟೆ ಹಿಡಿದು ಬಂದಳು. ಕಾರ್ಪೆಟ್ಟಿನ ಅಂಚಿನವರೆಗೆ ಬಂದು ನಿಂತುಬಿಟ್ಟಳು. ಇವಳೂ ತಾವರೆ ಎಂದು ನಿಂತಳೇ ಎಂದುಕೊಂಡೆ.

“ಮೊದ್ಲು ಅಜ್ಜಂಗ್ ಕೊಡವ್ವ,” ಎಂದರು ಅಪ್ಪ.

ಅವಳು ಹೆಜ್ಜೆ ಇಟ್ಟಳು. ಅಜ್ಜ ಲೋಟ ತೆಗೆದುಕೊಳ್ಳುವಾಗ ಅದು ಜಾರಿ ಕಾಫಿಯೆಲ್ಲ ಹೂವಿನ ಮೇಲೆ ಚೆಲ್ಲಿತು. ಅವರು ಗಾಬರಿಯಿಂದ ಹೆಗಲ ವಸ್ತ್ರ ಎಳೆದು ಒರೆಸತೊಡಗಿದರು. ಆಗ ಅತ್ತೆ ಅಡುಗೆಮನೆಯಿಂದ ಒದ್ದೆ ಬಟ್ಟೆ ಹಿಡಿದು ಓಡಿ ಬಂದರು. ಗೋಡೆಯ ಪಕ್ಕದಿಂದ ಅಲ್ಲ, ನಡುವಿನಿಂದಲೇ. “ಬುಡಿ ಬುಡಿ, ನಿಮ್ ವಸ್ತ್ರ ಕೆಟ್ಟೋಯ್ತದೆ,” ಎನ್ನುತ್ತಾ ಮಂಡಿಯೂರಿ ಕೂತು ಒರೆಸಿದರು. ತಾವು ಎಲ್ಲಿ ಕೂತಿದ್ದೇವೆಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಹುಡುಗನ ತಾಯಿಯೂ ಸೆರಗು ಸಿಕ್ಕಿಸಿ ಬಗ್ಗಿದರು. ಇಬ್ಬರೂ ಅಲ್ಲಿಯೇ ಮಾತಿಗೆ ತೊಡಗಿದರು.

ಬಂದವರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: “ಯಾಕ್ ಮಗ, ನಾನ್ ಅಲ್ ಕುಂತ್ಕಬಾರ್ದಾಗಿತ್ತಾ? ಅಳಿಯಂದ್ರ ಮುಖ ಒಂಥರಾ ಆಯ್ತು. ಹಾಸಿದ್ ಕಂಡೆ, ಕುಂತೆ.”

“ಒಳ್ಳೇದೇ ಆಯ್ತಪ್ಪ,” ಎಂದೆ.

“ಅಂಗಾರೆ ಅದು ಕುಂತ್ಕಳಕ್ಕೇ ಅನ್ನು,” ಎಂದರು. ಪೂರ್ತಿ ನಂಬಿಕೆ ಬಂದಂತಿರಲಿಲ್ಲ.

ಸಂಜೆ ಲೋಟ ತೊಳೆಯುವಾಗ ನಾದಿನಿಯನ್ನು ಕೇಳಿದೆ, ಅಂಚಿನಲ್ಲಿ ಯಾಕೆ ನಿಂತೆ ಎಂದು. ಅವಳು ತಲೆ ಎತ್ತದೆ, “ಅತ್ಗೆ, ನಂಗೆ ಕಾರ್ಪೆಟ್ ಕಾಣಿಸ್ಲೇ ಇಲ್ಲ. ಇಬ್ರು ಹುಡುಗ್ರಲ್ಲಿ ಯಾರು ಅಂತ ಗೊತ್ತಾಗ್ಲಿಲ್ಲ. ಯಾರ್ ಮುಖ ನೋಡ್ಬೇಕು ಅಂತ ತಿಳೀದೆ ನಿಂತ್ಬಿಟ್ಟೆ,” ಎಂದಳು.

“ಆಮೇಲೆ ಗೊತ್ತಾಯ್ತಾ?”

“ಇನ್ನೂ ಇಲ್ಲ.”

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು. ಅಣ್ಣನನ್ನು ಕೇಳಿ ಬಾ ಎಂದು ನನ್ನನ್ನೇ ಕಳಿಸಿದಳು. ಉದ್ದ ಇದ್ದವನೇ ಹುಡುಗ, ಇನ್ನೊಬ್ಬ ಚಿಕ್ಕಪ್ಪನ ಮಗ ಎಂದು ನಾನು ತಿಳಿದು ಬಂದು ಹೇಳಿದೆ. ಕೆಲವು ದಿನ ಕಳೆದು ಆ ಕಡೆಯವರು ಒಪ್ಪಿಗೆ ಹೇಳಿಕಳಿಸಿದರು. ಬಂದ ಮಾತು ಇಷ್ಟು: ‘ಜನ ಹತ್ರದೋರಂಗವ್ರೆ.’ ಮನೆಯ ಬಗ್ಗೆಯಾಗಲಿ ಕಾರ್ಪೆಟ್ಟಿನ ಬಗ್ಗೆಯಾಗಲಿ ಅದರಲ್ಲಿ ಏನೂ ಇರಲಿಲ್ಲ. ಅದು ಇದ್ದದ್ದರಿಂದ ಆಯಿತೋ, ಇದ್ದರೂ ಆಯಿತೋ ಎಂದು ನನ್ನ ಗಂಡ ಬಹಳ ದಿನ ತಲೆ ಕೆಡಿಸಿಕೊಂಡರು.

ನಾದಿನಿಯ ಮದುವೆಯಾದ ವರ್ಷವೇ ನನ್ನ ಗಂಡನಿಗೆ ಬೆಳಗ್ಗೆ ಎದ್ದರೆ ಸೀನು ಶುರುವಾಯಿತು. ಡಾಕ್ಟರು ಮನೆಯಲ್ಲಿ ಕಾರ್ಪೆಟ್ ಇದೆಯೇ ಎಂದು ಕೇಳಿ, ತೆಗೆಯಿರಿ ಎಂದರು. ಅಲ್ಲಿಗೆ ಅದು ಅತ್ತೆಯ ಕೋಣೆಗೆ ಹೋಯಿತು. ಮಂಡಿನೋವಿಗೆ ಬೆಚ್ಚಗಿರುತ್ತದೆಂದು ಅವರು ಅದನ್ನು ಎರಡು ಪದರ ಮಡಿಸಿ ಮಂಚದ ಪಕ್ಕ ಹಾಕಿಕೊಂಡರು. ಕಾಫಿ ಚೆಲ್ಲಿದ ಕಡೆ ಕೆಳಗೆ ಬರುವಂತೆ. ತಾವರೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಊರೂರಿಗೆ ಕಲ್ಯಾಣ ಮಂಟಪಗಳಾದವು, ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನೆಲದ ಮೇಲೆ ಕೂರುವವರು ಕಡಿಮೆಯಾದ ಹಾಗೆ ಅಪ್ಪ ಜಮಖಾನಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟರು. ಭಜನೆ ಮಂಡಳಿಗೆ ಕೆಲವು, ಶಾಲೆಗೆ ಕೆಲವು. ಅವರ ಮುಂದೆ ಈಗ ಕುರ್ಚಿಯ ಪ್ರಶ್ನೆಗಳಿದ್ದವು: ಕೈ ಇರುವುದು, ಕೈ ಇಲ್ಲದ್ದು, ಬಿಳಿಯದು, ಕೆಂಪಿನದು. “ಒಬ್ಬೊಬ್ಬರು ಒಂದೊಂದ್ ಕೇಳ್ತಾರೆ, ನಂಗೊಂದೂ ತಿಳಿಯಕ್ಕಿಲ್ಲ,” ಎನ್ನುತ್ತಿದ್ದರು. ಅಂಗಡಿ ಮುಚ್ಚಿದ ಮೇಲೂ ಅವರು ನೆಮ್ಮದಿಯಾಗಿಯೇ ಇದ್ದರು. ಸೋಮನಾಥಪುರದ ಕಡೆ ಹೋದರೆ ನಾದಿನಿಯ ಮನೆಯ ಅಜ್ಜನ ಜೊತೆ ಒಂದು ಹೊತ್ತು ಕೂತು ಬರುತ್ತಿದ್ದರು.

ನಾವು ಮೊಸಾಯಿಕ್ ಕಿತ್ತು ಟೈಲ್ಸ್ ಹಾಕಿಸಿದೆವು. ಟೈಲ್ಸ್ ಚಳಿಗಾಲದಲ್ಲಿ ಅಂಗಾಲು ಕೊರೆಯುವಷ್ಟು ತಣ್ಣಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಸೀನು ಬರದ, ದೂಳು ಹಿಡಿಯದ ಬಗೆಯ ಕಾರ್ಪೆಟ್ ಈಗ ಬಂದಿದೆಯಂತೆ ಎಂದು ಗಂಡನೇ ಮತ್ತೆ ಮೈಸೂರಿಗೆ ಕರೆದುಕೊಂಡು ಹೋದರು. ಈ ಸಲ ಸೋಫಾದಿಂದ ಟೀವಿಗೆ, ಟೀವಿಯಿಂದ ಬಾಗಿಲಿಗೆ ಎಲ್ಲ ಅಳೆದುಕೊಂಡಿದ್ದರು. ಅಂಗಡಿಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, “ಚೌಕದ್ದಾ ಸರ್, ರೌಂಡ್ ಇರೋದಾ?” ಎಂದಳು. ದುಂಡಗಿನದೂ ಇರುತ್ತದೆಂದು ನಾವು ಯೋಚಿಸಿರಲಿಲ್ಲ. ಅವಳು ಒಂದನ್ನು ಬಿಚ್ಚಿ ತೋರಿಸಿದಳು. ನಾವಿಬ್ಬರೂ ಅದರ ಸುತ್ತ ಒಂದು ಸುತ್ತು ಬಂದೆವು.

“ಯಾವುದು ಅಂತೀಯ?” ಎಂದರು ಗಂಡ.

“ನೀವೇ ಹೇಳಿ,” ಎಂದೆ.

ಅವರು ಯೋಚಿಸಿದರು. ನಾನೂ ಯೋಚಿಸಿದೆ. ಹಸಿವಾಗಿತ್ತು. ಪಕ್ಕದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ಇನ್ನೊಮ್ಮೆ ಬಂದರಾಯಿತು ಎಂದುಕೊಂಡು, ನಂಜನಗೂಡಿನ ಬಸ್ಸಿನಲ್ಲಿ ಬರಿಗೈಯಲ್ಲಿ ಆರಾಮವಾಗಿ ಕೂತು ಬಂದೆವು.